ಒಂದು ಕುತ್ತಿಗೆಗೆ ಎರಡು ತಲೆ

ಗುರುವಾರ ಬರುತ್ತಿದೆ ಎಂದರೆ ಪಾಪಮ್ಮನಿಗೆ ಬುಧವಾರವೇ ಮೈ ಭಾರವಾಗುತ್ತಿತ್ತು. ಭಾನುವಾರದ ಕತೆಯೂ ಅದೇ. ವಾರದಲ್ಲಿ ಆ ಎರಡು ದಿನ ಅವಳು ಕೋಳಿ ಕೂಗುವ ಮುಂಚೆ ಎದ್ದು, ತಲೆಗೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಊರ ಹಿಂದಿನ ಅರೆಗೆ ಹೋಗಬೇಕಿತ್ತು. ಅರೆ ಎಂದರೆ ನೆಲಕ್ಕೆ ಚಾಪೆ ಹಾಸಿದ ಹಾಗೆ ಮೈಚಾಚಿಕೊಂಡ ಬಂಡೆ. ಅದರ ಬಿರುಕುಗಳಲ್ಲಿ ನಿಂತ ಹಿಡಿಹಿಡಿ ಮಣ್ಣಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಗೇಣುದ್ದದ ಗಿಡಗಳು ಏಳುತ್ತಿದ್ದವು. ಅವುಗಳಲ್ಲಿ ಒಂದು ಜ್ವರದ ಗಿಡ. ಅದಕ್ಕೆ ಹೆಸರಿರಲಿಲ್ಲ. ಇದ್ದರೂ ಹೇಳುವಂತಿರಲಿಲ್ಲ. ಹೆಸರು ಬಾಯಿಗೆ ಬಂದರೆ ಗುಣ ಗಾಳಿಗೆ ಹೋಗುತ್ತದೆ ಎಂಬುದು ಆ ಮನೆಯ ಕಟ್ಟಳೆ.

ಕಟ್ಟಳೆ ಅದೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಗಿಡವನ್ನು ಸೂರ್ಯ ಹುಟ್ಟುವ ಮೊದಲೇ ಕೀಳಬೇಕು. ಕೀಳುವುದನ್ನು ಯಾರೂ ನೋಡಬಾರದು. ಹಾಸಿಗೆ ಬಿಟ್ಟಾಗಿನಿಂದ ಕೊನೆಯ ರೋಗಿ ಔಷಧಿ ನುಂಗುವ ತನಕ ತುಟಿ ಬಿಚ್ಚಬಾರದು. ಕೊಟ್ಟ ಔಷಧಿಗೆ ಏನೂ ತೆಗೆದುಕೊಳ್ಳಬಾರದು. ಬಂದವರನ್ನು ಇಲ್ಲ ಎಂದು ಕಳಿಸಬಾರದು. ಇಷ್ಟೊಂದು ಬಾರದುಗಳನ್ನು ಮಾಡಿಟ್ಟ ಹಿರಿಯರಲ್ಲಿ ಒಬ್ಬರಾದರೂ, ಕೊಡುವವಳಿಗೆ ದಣಿವಾದರೆ ಏನು ಮಾಡಬೇಕು ಎಂದು ಹೇಳಿ ಹೋಗಿರಲಿಲ್ಲ.

ಯುದ್ಧ ಶುರುವಾಗಿ ನಾಲ್ಕು ವರ್ಷವಾಗಿತ್ತು. ಕ್ವಿನೈನು ಸಿಪಾಯಿಗಳ ಪಾಲಾಗಿ, ರಾಯಕೋಟೆಯ ಪೇಟೆಯನ್ನೆಲ್ಲ ಜಾಲಾಡಿದರೂ ಒಂದು ಮಾತ್ರೆ ಹುಟ್ಟುತ್ತಿರಲಿಲ್ಲ. ಚಳಿಜ್ವರಕ್ಕೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಮೊದಲು ಹತ್ತು ಹನ್ನೆರಡು ಜನ ಬರುತ್ತಿದ್ದ ಪಾಪಮ್ಮನ ಅಂಗಳಕ್ಕೆ ಈಗ ಐವತ್ತು ಜನ ಬರುತ್ತಿದ್ದರು. ಗಾಡಿಯಲ್ಲಿ ಬಂದವರು, ಹೆಗಲ ಮೇಲೆ ಹೊತ್ತು ತಂದವರು, ಹಿಂದಿನ ಸಂಜೆಯೇ ಬಂದು ಜಗಲಿಯ ಮೇಲೆ ಕಂಬಳಿ ಹೊದ್ದು ಕೂತವರು. ಅಷ್ಟೂ ಜನಕ್ಕೆ ಅವಳೊಬ್ಬಳೇ ಕಿತ್ತು, ಅವಳೊಬ್ಬಳೇ ಮೆಣಸಿನ ಜೊತೆ ಅರೆದು, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಮಜ್ಜಿಗೆಯ ಜೊತೆ ಬಾಯಿಗೆ ಹಾಕಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಆಗಿತ್ತು. ಮಂಡಿ ಹೋಗಿತ್ತು, ಸೊಂಟ ಹೋಗಿತ್ತು, ಅಂಗೈಯ ಹಸಿರು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅವಳಿಗೆ ಸಾಕು ಸಾಕಾಗಿ ಹೋಗಿತ್ತು, ಆದರೆ ಯಾರ ಹತ್ತಿರ ಹೇಳುವುದು?

ಈ ವಿದ್ಯೆ ಅವಳ ಅತ್ತೆ ಕದಿರಮ್ಮನದು. ಹೆಣ್ಣುಮಕ್ಕಳಿಗೆ ಕೊಟ್ಟರೆ ಮದುವೆಯಾದ ಮನೆಗೆ ಹೊತ್ತುಕೊಂಡು ಹೋಗುತ್ತಾರೆ ಎಂದು ಅದನ್ನು ಸೊಸೆಗೇ ಕೊಡುವುದು ವಾಡಿಕೆ. ಕೊಟ್ಟದ್ದೂ ಏನು ಚೆಂದ! ಒಂದು ಮಬ್ಬು ಬೆಳಗ್ಗೆ ಕದಿರಮ್ಮ ಸೊಸೆಯನ್ನು ಅರೆಗೆ ಕರೆದುಕೊಂಡು ಹೋಗಿ, ಮಾತಿಲ್ಲ ಕತೆಯಿಲ್ಲ, ಒಂದು ಪೊದೆಯ ಮೇಲೆ ನಾಲ್ಕು ಅರಿಶಿನದ ಅಕ್ಕಿಕಾಳು ಎರಚಿದಳು. ಬೆರಳು ಮಾಡಿ ತೋರಿಸಿದರೆ ಗಿಡ ಬಾಡುತ್ತದಂತೆ. ಪಾಪಮ್ಮ ಬಗ್ಗಿ, ಅಕ್ಕಿಕಾಳು ಬಿದ್ದ ಜಾಗದಿಂದ ಒಂದು ಗಿಡ ಕಿತ್ತು, ಕಾಂಡವನ್ನು ಬೆರಳಲ್ಲಿ ಹೊರಳಿಸಿದಳು. ನಾಲ್ಕು ಅಂಚು ಸಿಕ್ಕಿತು. ಎಲೆ ಸಪೂರ, ಕಡ್ಡಿಯ ಹಾಗೆ. ನಾಲಿಗೆಗೆ ಮುಟ್ಟಿಸಿದರೆ ಕಹಿ. ಅದೇ ಅವಳ ಗುರುತಾಯಿತು. ಕೊಟ್ಟ ಮೇಲೆ ಕೊಟ್ಟವಳು ಮತ್ತೆ ಆ ಗಿಡ ಮುಟ್ಟುವಂತಿಲ್ಲ, ಬುಟ್ಟಿಯೊಳಗೆ ಇಣುಕುವಂತಿಲ್ಲ. ಕದಿರಮ್ಮ ಆಮೇಲೆ ಆರು ವರ್ಷ ಬದುಕಿದಳು. ಸೊಸೆ ಅರೆಯುವಾಗ ಒಂದು ದಿನವೂ ತಲೆ ತಿರುಗಿಸಿ ನೋಡಲಿಲ್ಲ.

ಹನ್ನೊಂದು ವರ್ಷದ ಹಿಂದೆ ಪಾಪಮ್ಮನ ಒಬ್ಬನೇ ಮಗ ಸೊಣ್ಣಪ್ಪ ಇದೇ ಜ್ವರದಲ್ಲಿ ಹೋದ. ಒಂಬತ್ತು ವರ್ಷದವನು. ಅವಳೇ ಉಂಡೆ ಕಟ್ಟಿ ನುಂಗಿಸಿದ್ದಳು, ಮೂರು ಸಲ. ಅವನ ಆಯಸ್ಸೇ ಅಷ್ಟು ಎಂದರು ಜನ. ಅವಳೂ ಹಾಗೆಯೇ ಅಂದುಕೊಂಡಳು, ಇಲ್ಲದಿದ್ದರೆ ಮುಂದಿನ ಭಾನುವಾರ ಎದ್ದು ಅರೆಗೆ ಹೋಗಲು ಅವಳಿಂದ ಆಗುತ್ತಿರಲಿಲ್ಲ. ಬಂದವರನ್ನು ಇಲ್ಲ ಎಂದು ಕಳಿಸಬಾರದಲ್ಲ.

ಆ ಬುಧವಾರ ಸಂಜೆ ನಾದಿನಿ ಮಂಗಮ್ಮ ಸೂಳಗಿರಿಯಿಂದ ಬಂದಳು. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ದಾರಿಯಲ್ಲಿ ಎರಡು ಸಲ ಕೆಟ್ಟು ನಿಂತು, ಉಳಿದ ಎರಡು ಮೈಲಿ ನಡೆದು, ಮಗಳು ಗಂಗರತ್ನಳನ್ನು ತೋಳು ಹಿಡಿದು ಎಳೆದುಕೊಂಡೇ ಬಂದಿದ್ದಳು. ಹುಡುಗಿಗೆ ಮದುವೆಯಾಗಿ ಮೂರು ತಿಂಗಳೂ ಆಗಿರಲಿಲ್ಲ. ದಿನ ಬಿಟ್ಟು ದಿನ ಚಳಿ ಬಂದು, ಅರಿಶಿನದ ಕೊಂಬಿನ ಹಾಗಾಗಿದ್ದಳು. ನಾಳೆ ಜ್ವರದ ಸರದಿ ಎಂದು ಮಂಗಮ್ಮ ಹೇಳಿದಳು. ಹಬ್ಬಕ್ಕೆ ಹರಿದಿನಕ್ಕೆ ತವರಿಗೆ ಬರುತ್ತಿದ್ದಳೇ ಹೊರತು, ಔಷಧಿ ಕೊಡುವ ದಿನ ಅವಳು ಎಂದೂ ಬಂದವಳಲ್ಲ. ತನಗೆ ಸಿಗದ ವಿದ್ಯೆಯನ್ನು ಅತ್ತಿಗೆಯ ಕೈಯಲ್ಲಿ ನೋಡುವುದು ಅವಳಿಗೆ ಆಗುತ್ತಿರಲಿಲ್ಲ. ಇಷ್ಟನ್ನು ಇಬ್ಬರೂ ಬಲ್ಲರು, ಇಬ್ಬರೂ ಬಾಯಿಬಿಟ್ಟು ಆಡಿದವರಲ್ಲ.

ಗುರುವಾರ ಬೆಳಕು ಹರಿಯುವಾಗ ಪಾಪಮ್ಮ ಬುಟ್ಟಿ ತುಂಬಿಕೊಂಡು ಬಂದು, ಒರಳಿನ ಪಕ್ಕ ಇಟ್ಟು, ಬಟ್ಟೆ ಮುಚ್ಚಿ, ಮೆಣಸು ತರಲು ಒಳಗೆ ಹೋದಳು. ವಾಪಸು ಬಂದಾಗ ಮಂಗಮ್ಮ ಬಟ್ಟೆ ಎತ್ತಿ ಬುಟ್ಟಿಯ ಮೇಲೆ ಬಗ್ಗಿದ್ದಳು. ಪಾಪಮ್ಮನಿಗೆ ರೇಗಿತು. ಬೈಯುವಂತಿರಲಿಲ್ಲ. ಕಣ್ಣು ಕೆಂಪಗೆ ಮಾಡಿ ಬಟ್ಟೆ ಕಿತ್ತುಕೊಂಡಳು.

ಮಂಗಮ್ಮನ ಕೈಯಲ್ಲಿ ಒಂದು ಗಿಡ ಉಳಿಯಿತು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

"ಅತ್ತಿಗೆ, ಇದಲ್ಲ."

ಪಾಪಮ್ಮ ಮೆಣಸು ಒರಳಿಗೆ ಹಾಕಿದಳು.

"ಇದು ಅಮ್ಮನ ಗಿಡ ಅಲ್ಲ ಕಣತ್ತಿಗೆ. ಇದು ಒಂಟಿ. ಅದು ಜೋಡಿ ಇರ್ತದೆ. ಬುಟ್ಟಿ ತುಂಬಾ ಒಂಟೀನೇ ಅವೆ. ಇದನ್ನ ಕೊಡ್ತಾ ಇದ್ದೀಯಾ ಇಷ್ಟು ದಿನ?"

ಪಾಪಮ್ಮ ಗುಂಡುಕಲ್ಲಿಗೆ ಕೈ ಹಾಕಿದಳು. ಏನಂದೆ ಎಂದು ಕೇಳಬೇಕು. ಸುಳ್ಳಿ ಎಂದು ಕೂದಲು ಹಿಡಿದು ಜಗ್ಗಬೇಕು. ಆದರೆ ಬಾಯಿಗೆ ಬೀಗ ಬಿದ್ದಿದೆ, ಅಂಗಳದಲ್ಲಿ ಐವತ್ತು ಜನ ಹಲ್ಲು ಕಟಕಟಿಸುತ್ತಾ ಕೂತಿದ್ದಾರೆ. ಅವಳು ಗುಂಡುಕಲ್ಲು ತಿರುಗಿಸಿದಳು. ಇಪ್ಪತ್ತೆರಡು ವರ್ಷ ತಿರುಗಿಸಿದ ಕೈ, ತಲೆ ಏನು ಹೇಳಿದರೂ ನಿಲ್ಲಲಿಲ್ಲ. ಅರೆದಳು, ಉಂಡೆ ಕಟ್ಟಿದಳು, ಸಾಲು ಹಿಡಿದು ಒಬ್ಬೊಬ್ಬರ ಬಾಯಿಗೂ ಹಾಕಿದಳು. ಅವರು ಕಣ್ಣು ಮುಚ್ಚಿ ನುಂಗಿ ಕೈಮುಗಿದರು. ಗಂಗರತ್ನಳ ಸರದಿ ಬಂದಾಗ ಮಂಗಮ್ಮ ಮಗಳ ಬಾಯಿಗೆ ತನ್ನ ಕೈ ಅಡ್ಡ ಹಿಡಿದಳು. ಎಲ್ಲರೂ ನೋಡಿದರು.

ಕೊನೆಯವನು ಎದ್ದು ಹೋದ ಮೇಲೆ ಪಾಪಮ್ಮ ಬಾಯಿ ಬಿಟ್ಟಳು.

"ಎಲ್ಲರ ಮುಂದೆ ನನ್ ಮಾನ ಕಳೆದ್ಯಲ್ಲೇ. ನಿಂಗೇನು ಗೊತ್ತು? ನಿಂಗ್ಯಾರು ಕೊಟ್ರು?"

"ಯಾರೂ ಕೊಡ್ಲಿಲ್ಲ. ಚಿಕ್ಕೋಳಿದ್ದಾಗ ಸೌದೆಗೆ ಹೋಗೋವಾಗ ಅಮ್ಮ ನನ್ನ ಅರೆ ಮ್ಯಾಕೆ ಕರ್ಕೊಂಡು ಹೋಗೋಳು. ಮಟಮಟ ಮಧ್ಯಾಹ್ನದಾಗೆ. ಒಂದು ಕುತ್ತಿಗೆಗೆ ಎರಡು ತಲೆ ಇದ್ರೆ ನಮ್ಮೋಳು, ಒಂದು ಕುತ್ತಿಗೆಗೆ ಒಂದೇ ತಲೆ ಇದ್ರೆ ಪರದೇಸಿ, ಮುಟ್ಬೇಡ ಅನ್ನೋಳು. ಹಾಡಿನಂಗೆ ಹೇಳೋಳು. ನಂಗೆ ಏಳೆಂಟು ವರ್ಷ."

ಪಾಪಮ್ಮ ಒರಳಿಗೆ ಒರಗಿ ಕೂತುಬಿಟ್ಟಳು. ಗಿಡ ತಪ್ಪಿದ್ದಕ್ಕಿಂತ ಮೊದಲು ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಇದಕ್ಕೆ.

"ನಿಂಗೆ ಹಗಲೊತ್ತು ಬಾಯಲ್ಲಿ ಹೇಳಿದ್ಲಾ? ನಂಗೆ ಕತ್ತಲಲ್ಲಿ ನಾಲ್ಕು ಅಕ್ಕಿಕಾಳು ಎರಚಿದ್ಲು ಕಣೆ. ನಾಲ್ಕೇ ಕಾಳು. ಅದರ ಮ್ಯಾಲೆ ಇಪ್ಪತ್ತೆರಡು ವರ್ಸ ದುಡ್ದಿದ್ದೀನಿ."

"ನಾನು ಮಗಳು, ನಂಗೆ ಹೇಳಿದ್ರೆ ಲೆಕ್ಕಕ್ಕಿಲ್ಲ ಅಂತ ಹೇಳಿದ್ಲು. ನಿಂಗೆ ಕೊಡೋವಾಗ ಕಟ್ಟಳೆ ನೆಪ್ಪಿಗೆ ಬಂತು."

ಒಳಗೆ ಗಂಗರತ್ನಳಿಗೆ ಚಳಿ ಹತ್ತಿ ಮಂಚ ಕಿರುಗುಟ್ಟತೊಡಗಿತ್ತು. ಪಾಪಮ್ಮ ಮಂಡಿ ಹಿಡಿದುಕೊಂಡು ಎದ್ದಳು.

"ನಡಿ, ತೋರ್ಸು."

ಬಿಸಿಲು ಏರಿದ ಮೇಲೆ ಅರೆಯ ಮೇಲೆ ಅವಳು ಔಷಧಿಗೆಂದು ಎಂದೂ ಕಾಲಿಟ್ಟವಳಲ್ಲ. ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ನೋಡಿದಳು. ಬಿರುಕು ಬಿರುಕಲ್ಲೂ ಯಾರೋ ನುಚ್ಚು ಚೆಲ್ಲಿದ ಹಾಗೆ ಬೆಳ್ಳಗೆ ಚುಕ್ಕಿಗಳಿದ್ದವು.

"ಅದೇನೇ ಅದು ಬಿಳೀದು?"

"ಹೂವು ಅತ್ತಿಗೆ. ನೀ ನೋಡಿಲ್ವಾ?"

ನೋಡಿರಲಿಲ್ಲ. ಅವಳು ಕೀಳುವ ಹೊತ್ತಿಗೆ ಅವು ಮುಚ್ಚಿಕೊಂಡಿರುತ್ತಿದ್ದವು. ಇಷ್ಟು ವರ್ಷ ಕೈಯಾರೆ ಕಿತ್ತ ಗಿಡಕ್ಕೆ ಹೂವಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಪಾಪಮ್ಮ ನೆಲಕ್ಕೆ ಮುಖವಿಟ್ಟ ಹಾಗೆ ಬಗ್ಗಿದಳು. ಎಳ್ಳುಕಾಳಿನಷ್ಟು ಹೂವು, ನಾಲ್ಕು ಎಸಳು, ಎಸಳಿನ ಅಂಚಿಗೆ ಇದ್ದೂ ಇಲ್ಲದಂಥ ನೇರಳೆ ಬಣ್ಣ. ಇಷ್ಟು ಚಿಕ್ಕದರಲ್ಲಿ ಇಷ್ಟು ಅಚ್ಚುಕಟ್ಟು ಯಾರಿಗೆ ಬೇಕಿತ್ತೋ ಎನಿಸಿತು.

ಮಂಗಮ್ಮ ಪಕ್ಕದಲ್ಲೇ ಕೂತು ಎರಡು ಗಿಡ ಕಿತ್ತು ಅಂಗೈಯ ಮೇಲೆ ಮಲಗಿಸಿದಳು. ಎಲೆ ಒಂದೇ ಥರ. ಕಾಂಡ ಹೊರಳಿಸಿದರೆ ಎರಡಕ್ಕೂ ನಾಲ್ಕು ಅಂಚು. ಹೂವಿನ ಎಸಳೂ ನಾಲ್ಕೇ. ಆದರೆ ಒಂದರಲ್ಲಿ ಎಲೆಯ ಸಂದಿನಿಂದ ಹೊರಟ ಎಳೆ ತುದಿಯಲ್ಲಿ ಕವಲೊಡೆದು, ಎರಡು ಹೂ, ಕೆಲವು ಕಡೆ ಮೂರು ಹೂ ಹಿಡಿದಿತ್ತು. ಇನ್ನೊಂದರಲ್ಲಿ ಪ್ರತಿ ಹೂವಿಗೂ ತನ್ನದೇ ಎಳೆ, ಕೂದಲಿನಷ್ಟು ಸಣ್ಣ, ಉದ್ದ, ಒಂಟಿ. ಎರಡೂ ಒಂದೇ ಬಿರುಕಿನಲ್ಲಿ ಹೆಣೆದುಕೊಂಡು ಬೆಳೆದಿದ್ದವು. ಅಕ್ಕಿಕಾಳು ಬಿದ್ದದ್ದು ಎರಡರ ಮೇಲೂ ಇರಬೇಕು. ಅವಳ ಕೈ ಹೋದದ್ದು ಒಂಟಿಗೆ.

"ಇಷ್ಟೇನಾ?" ಎಂದಳು ಪಾಪಮ್ಮ.

"ಇಷ್ಟೇ."

"ಈ ಒಂದು ಮಾತು ಹೇಳೋಕೆ ಅವಳಿಗೆ ಬಾಯಿ ಇರ್ಲಿಲ್ವಾ? ನನ್ ಸೊಣ್ಣ..."

ಮಂಗಮ್ಮನಿಗೆ ಆಗ ಹೊಳೆಯಿತು, ತಾನು ಆಡಿದ ಮಾತು ಎಲ್ಲಿಗೆ ಹೋಗಿ ನಾಟಿತು ಎಂದು. ಬೆಳಗ್ಗೆ ಬುಟ್ಟಿ ನೋಡಿದಾಗ ಅವಳಿಗೆ ಒಳಗೊಳಗೇ ಒಂದು ಖುಷಿ ಆಗಿದ್ದೂ ಸುಳ್ಳಲ್ಲ. ಈಗ ಅವಳ ಮುಖ ಸಣ್ಣದಾಯಿತು.

"ನಾನು ಎಳೇ ಹುಡುಗಿ ಅತ್ತಿಗೆ ಆವಾಗ. ತಪ್ಪಾಗಿ ನೆಪ್ಪಿರ್ಬೋದು. ಜೋಡೀನೇ ಪರದೇಸಿನೋ ಏನೋ. ಬಿಡು, ನಿನ್ ಗಿಡಾನೇ ಕೊಡು, ರತ್ನಂಗೂ ಅದೇ ಕೊಡು."

"ಸುಮ್ಕಿರೆ. ಹಾಡಿನಂಗೆ ಹೇಳಿದ್ಲು ಅಂದ್ಯಲ್ಲ, ಹಾಡು ಮರೀತದಾ?"

ಪಾಪಮ್ಮ ಅಲ್ಲೇ ಕೂತು ಅತ್ತಳು. ಸೊಣ್ಣಪ್ಪ ಸತ್ತಾಗ ಕೂಡ ಹೀಗೆ ಅತ್ತಿರಲಿಲ್ಲ. ಆಗ ದೇವರು ಕೊಂಡುಹೋದ ಎನ್ನಲು ಜಾಗವಿತ್ತು. ಮಂಗಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು. ಅಳು ಮುಗಿದ ಮೇಲೆ ಇಬ್ಬರೂ ಜೋಡಿ ಹೂವಿನ ಗಿಡಗಳನ್ನೇ ಆರಿಸಿ ಕಿತ್ತು ತಂದು, ನಡುಹಗಲಲ್ಲಿ ಮಾತಾಡುತ್ತಲೇ ಅರೆದು ಗಂಗರತ್ನಳಿಗೆ ನುಂಗಿಸಿದರು. ಕಟ್ಟಳೆಯೆಲ್ಲ ಒಂದೇ ದಿನ ಮುರಿಯಿತು.

ಶನಿವಾರ ಹುಡುಗಿಗೆ ಮತ್ತೆ ಚಳಿ ಬಂತು. ಮೊದಲಿಗಿಂತ ಕಡಿಮೆ ಎಂದಳು ಮಂಗಮ್ಮ. ಅಷ್ಟೇ ಇದೆ ಎಂದಳು ಪಾಪಮ್ಮ. ಹುಡುಗಿಯನ್ನು ಕೇಳಿದರೆ, "ಗೊತ್ತಾಗ್ತಿಲ್ಲ ಅತ್ತೆ, ನೀರು ಕೊಡಿ," ಎಂದಳು.

ಅಂದು ಸಂಜೆ ಗಂಡ ವೆಂಕಟರಮಣಪ್ಪ ಎತ್ತು ಕಟ್ಟಿ ಬಂದವನು ಎಲ್ಲವನ್ನೂ ಕೇಳಿಸಿಕೊಂಡ. ಒಳ್ಳೆಯವನೇ, ಆದರೆ ಮನೆಯ ಹೆಸರೆಂದರೆ ಅವನಿಗೆ ಪ್ರಾಣ.

"ನಾಳೆಯಿಂದ ಸರಿಯಾದ್ದು ಕೊಟ್ಕೊಂಡು ಹೋಗು. ಹಳೇದು ಯಾಕೆ ಕೆದಕ್ತೀಯಾ? ಸತ್ತೋರೇನು ಎದ್ದು ಬತ್ತಾರಾ? ಊರಿಗೆಲ್ಲ ಹೇಳಿದ್ರೆ ನಮ್ ಜಗಲಿ ಹತ್ತೋರಿರಲ್ಲ ನೋಡು."

"ಹತ್ದೇ ಹೋದ್ರೆ ಮಲ್ಗಿ ನಿದ್ದೆ ಮಾಡ್ತೀನಿ," ಎಂದಳು ಪಾಪಮ್ಮ. ಹಾಗೆ ಅಂದಳೇ ಹೊರತು ಹೆದರಿಕೆ ಅವಳಿಗೂ ಇತ್ತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಇನ್ನು ಮೇಲೆ ಒಬ್ಬೊಬ್ಬರು ಬಾಯಿ ತೆರೆದಾಗಲೂ ಅವಳು ಇದನ್ನೊಂದು ಹೊರಬೇಕು. ಹೊತ್ತದ್ದು ಸಾಕಾಗಿತ್ತು.

ಭಾನುವಾರ ಅವಳು ಕೋಳಿಗಿಂತ ಮುಂಚೆ ಏಳಲಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ಕಿತ್ತಿಟ್ಟಿದ್ದ ಎರಡು ಥರದ ಗಿಡವನ್ನು ಮೊರದಲ್ಲಿ ಬೇರೆ ಬೇರೆ ಇಟ್ಟುಕೊಂಡು, ಬೆಳಕಾದ ಮೇಲೆ ಜಗಲಿಗೆ ಬಂದಳು. ಮಾತಾಡಬಾರದ ಹೊತ್ತಿನಲ್ಲಿ ಅವಳು ಮಾತಾಡಿದ್ದು ನೋಡಿಯೇ ಅರ್ಧ ಜನಕ್ಕೆ ಗಾಬರಿಯಾಯಿತು.

"ಇಲ್ಲಿ ನೋಡಿ. ಒಂದು ಕುತ್ತಿಗೆಗೆ ಎರಡು ತಲೆ ಇರೋದು ನಮ್ಮತ್ತೆ ಕೊಡ್ತಿದ್ದ ಗಿಡ. ಒಂದೇ ತಲೆ ಇರೋದು ನಾನು ಇಷ್ಟು ವರ್ಸ ಕೊಟ್ಟಿದ್ದು. ನಂಗೆ ತಿಳೀದೆ ಕೊಟ್ಟೆ. ಎರಡೂ ಅರೆ ಮ್ಯಾಲೆ ಅವೆ, ಯಾರು ಬೇಕಾದ್ರೂ ಹಗಲಲ್ಲಿ ಹೋಗಿ ಕಿತ್ಕೊಳ್ಳಿ. ಇದ್ರಾಗೆ ಗುಟ್ಟೇನೂ ಇಲ್ಲ. ಜೋಡೀದು ಸರಿಯಾದ್ದು ಅಂತ ಹೇಳ್ತೀನಿ. ಇದ್ರಿಂದ ವಾಸಿ ಆಗೇ ಆಗ್ತದೆ ಅಂತ ಹೇಳಲ್ಲ, ಅದು ನಂಗೂ ಗೊತ್ತಿಲ್ಲ."

ಮೊದಲು ಬಾಯಿ ಬಿಟ್ಟವನು ಮುದುಕ ಮುತ್ತರಾಯಪ್ಪ. "ಅದೆಲ್ಲ ಇರ್ಲಿ ಕಣವ್ವ. ನಂಗೆ ಮೂರು ಸಲ ಜ್ವರ ಬಿಟ್ಟಿದ್ದು ಹಳೇದ್ರಾಗೆ. ನಂಗೆ ಆ ಒಂಟೀದೇ ಕೊಟ್ಬಿಡು," ಎಂದ. ಅವನ ಹಿಂದಿದ್ದ ನಾಲ್ಕೈದು ಜನ ತಮಗೂ ಅದೇ ಎಂದರು. ಪಾಪಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಪ್ಪು ಒಪ್ಪಿಕೊಂಡರೂ ಬಿಡುಗಡೆ ಇಲ್ಲವಲ್ಲ ಎನಿಸಿತು.

ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು ಎದ್ದು ಮುಂದೆ ಬಂದಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗು, ಜ್ವರದಲ್ಲಿ ಕಣ್ಣು ಅರೆಮುಚ್ಚಿತ್ತು. ಆದಿಲಕ್ಷ್ಮಮ್ಮ ಅವಳ ಹೆಸರು, ಕೆರೆಯಾಚೆಯ ಊರಿನವಳು. ಹೋದ ವರ್ಷ ದೊಡ್ಡ ಮಗಳನ್ನು ಇದೇ ಅಂಗಳಕ್ಕೆ ಮೂರು ಸಲ ಎತ್ತಿಕೊಂಡು ಬಂದಿದ್ದಳು. ನಾಲ್ಕನೇ ಸಲ ಬಂದಿರಲಿಲ್ಲ. ಯಾಕೆಂದು ಪಾಪಮ್ಮನಿಗೆ ಗೊತ್ತಿತ್ತು.

"ನನ್ ದೊಡ್ಡೋಳಿಗೆ ಕೊಟ್ಟಿದ್ದು ಯಾವ್ದು?"

"ಒಂಟೀದು. ನನ್ ಮಗನಿಗೆ ಕೊಟ್ಟಿದ್ದೂ ಅದೇ ಕಣಮ್ಮ."

ಆದಿಲಕ್ಷ್ಮಮ್ಮ ಮೊರದ ಕಡೆ ಬಹಳ ಹೊತ್ತು ನೋಡಿದಳು. ಶಾಪ ಹಾಕುತ್ತಾಳೆ ಎಂದುಕೊಂಡು ವೆಂಕಟರಮಣಪ್ಪ ಬಾಗಿಲಲ್ಲಿ ಎದ್ದು ನಿಂತ. ಮಂಗಮ್ಮ ಅತ್ತಿಗೆಯ ಪಕ್ಕಕ್ಕೆ ಸರಿದಳು. ಪಾಪಮ್ಮ ತಲೆ ಎತ್ತಿಕೊಂಡೇ ಇದ್ದಳು, ಏನು ಬಂದರೂ ತಗೊಳ್ಳಲು.

"ನಿನ್ ಕೈಲಿ ಬೇಡ," ಎಂದಳು ಆದಿಲಕ್ಷ್ಮಮ್ಮ. "ನಾನೇ ಕೀಳ್ತೀನಿ. ನಾನೇ ಅರೀತೀನಿ. ನೀ ಬಂದು ತೋರ್ಸು."

"ಬಿಸಿಲು ಏರ್ಲಿ. ಹೂವು ಬಿಟ್ಟಾಗ ತಪ್ಪಾಗಲ್ಲ," ಎಂದಳು ಪಾಪಮ್ಮ.

ಬಿಸಿಲು ಏರುವ ತನಕ ಆದಿಲಕ್ಷ್ಮಮ್ಮ ಜಗಲಿಯ ತುದಿಯಲ್ಲಿ ಮುಖ ತಿರುಗಿಸಿ ಕೂತಿದ್ದಳು. ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ. ಹೊತ್ತೇರಿದ ಮೇಲೆ ಮಗುವನ್ನು ಮಂಗಮ್ಮನ ಮಡಿಲಲ್ಲಿ ಬಿಟ್ಟು, ಅವಳೂ ಪಾಪಮ್ಮನೂ ಅರೆಗೆ ನಡೆದರು. ಪಾಪಮ್ಮನ ಮಂಡಿ ಹಿಡಿದುಕೊಂಡು, ಏರಿನಲ್ಲಿ ಎರಡು ಕಡೆ ನಿಲ್ಲಬೇಕಾಯಿತು. ಆದಿಲಕ್ಷ್ಮಮ್ಮ ಕೈ ಕೊಡಲಿಲ್ಲ, ಆದರೆ ಬಿಟ್ಟು ಮುಂದೆಯೂ ಹೋಗಲಿಲ್ಲ.

ಮೊದಲ ಬಿರುಕಿನ ಹತ್ತಿರ ಆದಿಲಕ್ಷ್ಮಮ್ಮ ಕುಕ್ಕರಗಾಲಲ್ಲಿ ಕೂತಳು. ಹೂವಿನ ಮೇಲೆ ಬಗ್ಗಿ ಹುಡುಕಿದಳು. ಕಣ್ಣಲ್ಲಿ ನೀರು ತುಂಬಿದ್ದರಿಂದ ಏನು ಕಾಣಿಸಿತೋ, ಕೈ ಹೋಗಿ ಹಿಡಿದದ್ದು ಒಂಟಿ ಹೂವಿನ ಗಿಡವನ್ನೇ.

ಪಾಪಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅದಲ್ಲ ಕಣಮ್ಮ," ಎಂದು ಬಾಯಿಬಿಟ್ಟು ಹೇಳಿ, ಬೆರಳು ಮಾಡಿ ಪಕ್ಕದ್ದನ್ನು ತೋರಿಸಿದಳು. "ಇದು."

ಆದಿಲಕ್ಷ್ಮಮ್ಮ ಕೈ ಕಿತ್ತುಕೊಳ್ಳಲಿಲ್ಲ.